ಸತೀಶ್ ಧವನ್: ಒಬ್ಬ ವಿದ್ಯಾರ್ಥಿಯ ವ್ಯಾಸಂಗ, ಒಂದು ಶಾಸ್ತ್ರದ ನೆಲೆ

೧

ಭಾರತದ ಬಾಹ್ಯಾಕಾಶ ಸಂಶೋಧನೆಯ ಇತಿಹಾಸದಲ್ಲಿ ಪ್ರೊಫೆಸರ್ ಸತೀಶ್ ಧವನ್ ಅವರ ಸ್ಥಾನ ನಿರ್ವಿವಾದವಾದುದು. ೧೯೭೨ರಿಂದ ೧೯೮೪ರವರೆಗೆ ಅವರು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸುಮಾರು ಎರಡು ದಶಕಗಳ ಕಾಲ ನಿರ್ದೇಶಕರಾಗಿ ನಡೆಸಿದರು. ೨೦೦೨ರ ಜನವರಿ ೩ರಂದು ಅವರು ನಿಧನರಾದ ಮೇಲೆ, ಅದೇ ವರ್ಷ, ಶ್ರೀಹರಿಕೋಟಾದ ಉಡಾವಣಾ ಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು. ಆದ್ದರಿಂದ ಅವರನ್ನು ಕುರಿತ ಬರಹಗಳು ರಾಕೆಟ್ಟು, ಉಪಗ್ರಹಗಳ ಕಥನದಿಂದ ಆರಂಭವಾಗಿ ಅಲ್ಲಿಯೇ ಮುಗಿಯುವುದು ಸಹಜವೇ ಆಗಿದೆ. ಆದರೆ ಆಡಳಿತಗಾರ ಧವನ್ ಅವರ ಹಿಂದೆ ಒಬ್ಬ ಅಧ್ಯಾಪಕರಿದ್ದರು. ಆ ಅಧ್ಯಾಪಕರ ಹಿಂದೆ, ಎಂಜಿನಿಯರಿಂಗ್ ಪದವಿಯನ್ನು ಪಡೆದು ಅದರಿಂದ ತೃಪ್ತಿಗೊಳ್ಳದೆ ಮತ್ತೆ ತರಗತಿಯ ಬೆಂಚಿನ ಮೇಲೆ ಹೋಗಿ ಕುಳಿತ ಒಬ್ಬ ವಿದ್ಯಾರ್ಥಿಯಿದ್ದನು. ಆತ ಕಲಿತ ವಿಷಯ ಯಾವುದು, ಹೇಗೆ ಕಲಿತನು, ಕಲಿತುದನ್ನು ಎಲ್ಲಿ ನೆಟ್ಟನು ಎಂಬುದನ್ನು ಗಮನಿಸಿದರೆ ಮಾತ್ರ ಮುಂದಿನ ಸಾಧನೆಗಳ ಬೇರು ಕಾಣಿಸುತ್ತದೆ.

ಧವನ್ ಅವರು ಹುಟ್ಟಿದ್ದು ೧೯೨೦ರ ಸೆಪ್ಟೆಂಬರ್ ೨೫ರಂದು, ಶ್ರೀನಗರದಲ್ಲಿ. ಅವರ ಉನ್ನತ ವ್ಯಾಸಂಗ ನಡೆದದ್ದು ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಅವರು ಪಡೆದ ಪದವಿಗಳ ಪಟ್ಟಿ ಅಪರೂಪದ್ದು. ಮೊದಲನೆಯದು ಗಣಿತ ಮತ್ತು ಭೌತವಿಜ್ಞಾನಗಳಲ್ಲಿ ಬಿ.ಎ.; ಎರಡನೆಯದು ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ.; ಮೂರನೆಯದು ೧೯೪೫ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗಿನಲ್ಲಿ ಬಿ.ಇ. ಒಂದೊಂದು ವಿದ್ಯೆಗೂ ಒಂದೊಂದು ಬೇಲಿ ಹಾಕಿಕೊಂಡು ಬದುಕುವ ಇಂದಿನ ವಿಶ್ವವಿದ್ಯಾಲಯಗಳಲ್ಲಿ ಇಂತಹ ವಿದ್ಯಾರ್ಥಿಯನ್ನು ಯಾವ ವಿಭಾಗಕ್ಕೆ ಸೇರಿಸಬೇಕೆಂಬುದೇ ಒಂದು ಸಮಸ್ಯೆಯಾದೀತು. ಗಣಿತದ ನಿಷ್ಕೃಷ್ಟತೆ, ಸಾಹಿತ್ಯದ ಓದು, ಯಂತ್ರಶಾಲೆಯ ಕೈಕೆಲಸ ಈ ಮೂರೂ ಅವರಲ್ಲಿ ಕೂಡಿಬಂದವು. ಮುಂದೆ ಅವರು ಆರಿಸಿಕೊಂಡ ಶಾಸ್ತ್ರಕ್ಕೆ ಇವುಗಳಲ್ಲಿ ಮೊದಲನೆಯದೂ ಮೂರನೆಯದೂ ಏಕಕಾಲದಲ್ಲಿ ಬೇಕಾಗಿದ್ದವು. ಎರಡನೆಯದು ಅವರ ವ್ಯಕ್ತಿತ್ವಕ್ಕೆ ಒದಗಿತು.

ಪದವಿಯ ಬಳಿಕ ಸುಮಾರು ಒಂದು ವರ್ಷ ಅವರು ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ಕನ್ನಡನಾಡಿನೊಂದಿಗೆ ಅವರ ಮೊದಲ ಸಂಪರ್ಕ ಇದು. ವಾಲಚಂದ್ ಹೀರಾಚಂದರ ಸಾಹಸದಿಂದ ೧೯೪೦ರಲ್ಲಿ ಸ್ಥಾಪಿತವಾದ ಈ ಕಾರ್ಖಾನೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳ ದುರಸ್ತಿಯ ದೊಡ್ಡ ಕೇಂದ್ರವಾಗಿ ಬೆಳೆದಿತ್ತು. ಆದರೆ ವಿಮಾನವನ್ನು ದುರಸ್ತಿ ಮಾಡುವುದು ಬೇರೆ. ಅದು ಏಕೆ ಹಾರುತ್ತದೆ, ಎಷ್ಟು ವೇಗದಲ್ಲಿ ಹಾರಬಲ್ಲದು, ಗಾಳಿ ಅದನ್ನು ಎಷ್ಟು ತಡೆಯುತ್ತದೆ ಎಂಬುದನ್ನು ಲೆಕ್ಕಹಾಕಿ ಹೊಸದೊಂದನ್ನು ರೂಪಿಸುವುದು ಬೇರೆ. ಈ ಎರಡನೆಯ ವಿದ್ಯೆಯನ್ನು ಅರಸಿ ಧವನ್ ಅವರು ೧೯೪೬ರಲ್ಲಿ ಅಮೆರಿಕಕ್ಕೆ ತೆರಳಿದರು.

೨

ಅವರು ಅರಸಿ ಹೋದ ವಿದ್ಯೆಯ ಹೆಸರು ಫ್ಲೂಯಿಡ್ ಮೆಕ್ಯಾನಿಕ್ಸ್. ದ್ರವ ಮತ್ತು ಅನಿಲಗಳೆರಡೂ ಹರಿಯುವ ಗುಣವುಳ್ಳವಾದ್ದರಿಂದ ಎರಡನ್ನೂ ಒಟ್ಟಿಗೆ ಪ್ರವಾಹಿ ಎಂದು ಕರೆದು, ಈ ಶಾಸ್ತ್ರವನ್ನು ಪ್ರವಾಹಿ ಬಲವಿಜ್ಞಾನ ಎನ್ನಬಹುದು. ಕೊಳವೆಯಲ್ಲಿ ಹರಿಯುವ ನೀರು, ರೆಕ್ಕೆಯ ಮೇಲೆ ಸಾಗುವ ಗಾಳಿ, ರಕ್ತನಾಳದಲ್ಲಿ ಚಲಿಸುವ ರಕ್ತ ಇವೆಲ್ಲವೂ ಅದರ ವಸ್ತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಈ ಶಾಸ್ತ್ರ ಒಂದಕ್ಕೊಂದು ಮಾತನಾಡದ ಎರಡು ಕವಲುಗಳಾಗಿ ಒಡೆದಿತ್ತು. ಒಂದು ಕಡೆ ಗಣಿತಜ್ಞರು ಘರ್ಷಣೆಯೇ ಇಲ್ಲದ ಆದರ್ಶ ಪ್ರವಾಹಿಯನ್ನು ಕಲ್ಪಿಸಿಕೊಂಡು ಸುಂದರವಾದ ಸಮೀಕರಣಗಳನ್ನು ಬಿಡಿಸುತ್ತಿದ್ದರು. ಅವರ ಲೆಕ್ಕದ ಪ್ರಕಾರ ಗಾಳಿಯಲ್ಲಿ ಸಮವೇಗದಿಂದ ಸಾಗುವ ವಸ್ತುವಿಗೆ ಯಾವ ತಡೆಯೂ ಇರಕೂಡದು. ಹದಿನೆಂಟನೆಯ ಶತಮಾನದಲ್ಲಿಯೇ ಫ್ರಾನ್ಸಿನ ದಲಂಬೇರ್ ಗುರುತಿಸಿದ ಈ ವಿರೋಧಾಭಾಸ ಅನುಭವಕ್ಕೆ ತೀರ ವಿರುದ್ಧವಾದುದು. ಇನ್ನೊಂದು ಕಡೆ ಎಂಜಿನಿಯರುಗಳು ಕಾಲುವೆ, ಕೊಳವೆ, ತೂಬುಗಳಲ್ಲಿ ಅಳೆದು ನೋಡಿದ ಅಂಕಿಗಳಿಂದ ಸೂತ್ರಗಳನ್ನು ಕಟ್ಟಿಕೊಂಡಿದ್ದರು. ಆ ಸೂತ್ರಗಳು ಕೆಲಸಕ್ಕೆ ಬರುತ್ತಿದ್ದವು, ಆದರೆ ಏಕೆ ಬರುತ್ತವೆ ಎಂಬುದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಘರ್ಷಣೆಯನ್ನೂ ಒಳಗೊಂಡ ಪೂರ್ಣ ಸಮೀಕರಣಗಳನ್ನು ನೇವಿಯೇ ಮತ್ತು ಸ್ಟೋಕ್ಸ್ ಎಂಬ ಇಬ್ಬರು ಆ ಶತಮಾನದ ಪೂರ್ವಾರ್ಧದಲ್ಲಿಯೇ ಬರೆದಿದ್ದರೂ ಅವುಗಳನ್ನು ಬಿಡಿಸುವುದು ಕೆಲವೇ ಸರಳ ಸಂದರ್ಭಗಳಲ್ಲಿ ಸಾಧ್ಯವಾಗಿತ್ತು.

ಈ ಎರಡು ಕವಲುಗಳನ್ನು ಕೂಡಿಸಿದವರು ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್. ಅವರು ೧೯೦೪ರಲ್ಲಿ ಹೈಡೆಲ್‌ಬರ್ಗಿನ ಗಣಿತ ಸಮ್ಮೇಳನದಲ್ಲಿ ಮಂಡಿಸಿದ ಚಿಕ್ಕ ಪ್ರಬಂಧದ ತಿರುಳು ಇಷ್ಟು: ಗಾಳಿಯ ಘರ್ಷಣೆಯ ಪರಿಣಾಮ ವಸ್ತುವಿನ ಮೈಗೆ ಅಂಟಿಕೊಂಡ ಅತಿ ತೆಳುವಾದ ಒಂದು ಪದರದಲ್ಲಿ ಮಾತ್ರ ಮುಖ್ಯವಾಗುತ್ತದೆ. ಮೈಗೆ ತಾಗಿದ ಗಾಳಿಯ ವೇಗ ಸೊನ್ನೆ. ಪದರದ ಹೊರ ಅಂಚಿನಲ್ಲಿ ಅದು ಪೂರ್ಣ ವೇಗವನ್ನು ಪಡೆಯುತ್ತದೆ. ಹೊರಗಿನ ಪ್ರವಾಹಕ್ಕೆ ಗಣಿತಜ್ಞರ ಆದರ್ಶ ಸಮೀಕರಣ ಸಾಕು. ಒಳಗಿನ ಪದರಕ್ಕೆ ಮಾತ್ರ ಘರ್ಷಣೆಯ ಸಮೀಕರಣ ಬೇಕು. ಇದನ್ನು ಸೀಮಾಪದರ ಎನ್ನಬಹುದು. ಸೆಕೆಂಡಿಗೆ ೧೦ ಮೀಟರ್ ವೇಗದ ಗಾಳಿ ಒಂದು ಚಪ್ಪಟೆ ಹಲಗೆಯ ಮೇಲೆ ಶಾಂತವಾಗಿ ಹರಿಯುವಾಗ, ಮುಂದಿನ ಅಂಚಿನಿಂದ ಅರ್ಧ ಮೀಟರ್ ದೂರದಲ್ಲಿ ಈ ಪದರದ ದಪ್ಪ ಸುಮಾರು ೪ ಮಿಲಿಮೀಟರ್ ಮಾತ್ರ. ವಿಮಾನದ ತಡೆಯ ಬಹುಭಾಗವನ್ನು ನಿರ್ಧರಿಸುವುದು ಇಷ್ಟು ತೆಳುವಾದ ಪದರ.

ಪ್ರಾಂಟ್ಲ್ ಅವರ ಶಿಷ್ಯರಲ್ಲಿ ಥಿಯೊಡರ್ ಫಾನ್ ಕಾರ್ಮನ್ ಪ್ರಮುಖರು. ಅವರು ೧೯೩೦ರಲ್ಲಿ ಕ್ಯಾಲಿಫೋರ್ನಿಯಾದ ಪಾಸಡೀನಾಕ್ಕೆ ಬಂದು, ಕ್ಯಾಲ್‌ಟೆಕ್ ಎಂದು ಪ್ರಸಿದ್ಧವಾದ ತಂತ್ರವಿಜ್ಞಾನ ಸಂಸ್ಥೆಯ ವಿಮಾನಶಾಸ್ತ್ರ ಪ್ರಯೋಗಾಲಯದ ನಿರ್ದೇಶಕರಾದರು. ಹೀಗೆ ಗಾಟಿಂಗೆನ್ನಿನ ವಿದ್ಯಾಪರಂಪರೆ ಅಟ್ಲಾಂಟಿಕ್ ಸಾಗರವನ್ನು ದಾಟಿತು. ಅದೇ ಪರಂಪರೆಯ ಇನ್ನೊಂದು ಎಳೆ ಬೆಂಗಳೂರಿಗೂ ಬಂದಿತ್ತೆಂಬುದು ಗಮನಾರ್ಹ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೪೨ರಲ್ಲಿ ವಿಮಾನಶಾಸ್ತ್ರ ವಿಭಾಗ ಆರಂಭವಾದಾಗ ಅದರ ಹೊಣೆ ಹೊತ್ತ ವಿ. ಎಂ. ಘಾಟಗೆ ಅವರು ಗಾಟಿಂಗೆನ್ನಿನಲ್ಲಿ ಪ್ರಾಂಟ್ಲ್ ಅವರ ಬಳಿಯೇ ಡಾಕ್ಟರೇಟ್ ಪಡೆದವರು. ಪ್ರಾಂಟ್ಲ್ ಅವರ ಉಪನ್ಯಾಸಗಳನ್ನು ಗ್ರಂಥರೂಪಕ್ಕೆ ತಂದ ಟೀಟ್ಯೆನ್ಸ್ ಅವರೂ ಯುದ್ಧಾನಂತರ ಕೆಲಕಾಲ ಈ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದರು. ನೆಲ ಹದವಾಗುತ್ತಿತ್ತು, ಬಿತ್ತನೆ ಇನ್ನೂ ವ್ಯಾಪಕವಾಗಿ ನಡೆದಿರಲಿಲ್ಲ.

೩

ಧವನ್ ಅವರು ಮೊದಲು ಮಿನೆಸೋಟಾ ವಿಶ್ವವಿದ್ಯಾಲಯಕ್ಕೆ ಸೇರಿ ೧೯೪೭ರಲ್ಲಿ ವಿಮಾನ ಎಂಜಿನಿಯರಿಂಗಿನಲ್ಲಿ ಎಂ.ಎಸ್. ಪದವಿ ಪಡೆದರು. ಅದೇ ವರ್ಷ ಭಾರತ ಸ್ವತಂತ್ರವಾಯಿತು. ಅದೇ ವರ್ಷ ದೇಶ ಇಬ್ಭಾಗವಾಗಿ, ಅವರಿಗೆ ಮೂರು ಪದವಿಗಳನ್ನು ಕೊಟ್ಟ ಲಾಹೋರ್ ಗಡಿಯ ಆಚೆಗೆ ಉಳಿಯಿತು. ವಿದೇಶದಲ್ಲಿ ಓದಲು ಹೋದ ವಿದ್ಯಾರ್ಥಿಗೆ, ಹೊರಡುವಾಗ ಇದ್ದ ಊರು ಹಿಂದಿರುಗುವಾಗ ತನ್ನ ದೇಶದಲ್ಲಿಯೇ ಇಲ್ಲವೆಂಬ ಸ್ಥಿತಿ ಸಾಮಾನ್ಯವಾದುದಲ್ಲ. ಮುಂದೆ ಅವರು ತಮ್ಮ ನೆಲೆಯನ್ನು ತಾವೇ ಆರಿಸಿಕೊಳ್ಳಬೇಕಾಗಿತ್ತು.

ಮಿನೆಸೋಟಾದಿಂದ ಅವರು ಕ್ಯಾಲ್‌ಟೆಕ್‌ಗೆ ಬಂದರು. ಎಂಜಿನಿಯರಿಂಗ್ ಪದವೀಧರನೊಬ್ಬ ಇಂತಹ ಸಂಸ್ಥೆಯ ಸ್ನಾತಕೋತ್ತರ ತರಗತಿಗೆ ಕಾಲಿಟ್ಟಾಗ ಎದುರಿಸುವ ಕಷ್ಟದ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ಪದವಿಯ ಮಟ್ಟದಲ್ಲಿ ಕಲಿಯುವುದು ಬಹುಮಟ್ಟಿಗೆ ಸೂತ್ರಗಳ ಬಳಕೆಯನ್ನು. ಕೊಳವೆಯ ವ್ಯಾಸ, ನೀರಿನ ವೇಗ ಗೊತ್ತಿದ್ದರೆ ಸೂತ್ರದಲ್ಲಿ ಅಂಕಿಗಳನ್ನು ಹಾಕಿ ಒತ್ತಡದ ಇಳಿತವನ್ನು ಕಂಡುಹಿಡಿಯಬಹುದು. ಸೂತ್ರ ಎಲ್ಲಿಂದ ಬಂತು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಸ್ನಾತಕೋತ್ತರ ತರಗತಿಯಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಅಲ್ಲಿ ಸೂತ್ರವಿಲ್ಲ, ದ್ರವ್ಯ ನಾಶವಾಗುವುದಿಲ್ಲ, ಬಲವಿಲ್ಲದೆ ವೇಗ ಬದಲಾಗುವುದಿಲ್ಲ, ಶಕ್ತಿ ಅಳಿಯುವುದಿಲ್ಲ ಎಂಬ ಮೂರು ಮೂಲತತ್ತ್ವಗಳಿವೆ. ಅವುಗಳಿಂದ ಹೊರಟು ಅವಕಲ ಸಮೀಕರಣಗಳನ್ನು ವಿದ್ಯಾರ್ಥಿಯೇ ನಿಷ್ಪತ್ತಿ ಮಾಡಬೇಕು. ಸಮೀಕರಣ ಸಿಕ್ಕ ಮೇಲೆಯೂ ಅದನ್ನು ಬಿಡಿಸಲಾಗದು, ಏಕೆಂದರೆ ಅದರಲ್ಲಿ ವೇಗವೇ ವೇಗವನ್ನು ಹೊತ್ತೊಯ್ಯುವ ಪದವೊಂದಿದ್ದು ಗಣಿತದ ಸಾಮಾನ್ಯ ಉಪಾಯಗಳಿಗೆ ಅದು ಮಣಿಯುವುದಿಲ್ಲ. ಆಗ ಯಾವ ಪದವನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕೈಬಿಡಬಹುದು ಎಂಬ ವಿವೇಚನೆ ಬೇಕಾಗುತ್ತದೆ. ಆ ವಿವೇಚನೆಯನ್ನು ಗಣಿತ ಕಲಿಸುವುದಿಲ್ಲ. ಪ್ರವಾಹವನ್ನು ಕಣ್ಣಾರೆ ಕಂಡು, ಕೈಯಾರೆ ಅಳೆದ ಅನುಭವವೇ ಕಲಿಸಬೇಕು.

ಕನ್ನಡದ ಅಭ್ಯಾಸಿಗಳಿಗೆ ಇದು ಅಪರಿಚಿತವಾದ ಸ್ಥಿತಿಯಲ್ಲ. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸೂತ್ರಕ್ಕೆ ಎಷ್ಟು ಬೆಲೆಯೋ ಪೂರ್ವಕವಿಗಳಿಂದ ಆಯ್ದ ಪ್ರಯೋಗಗಳಿಗೂ ಅಷ್ಟೇ ಬೆಲೆ. ಸೂತ್ರವನ್ನು ಬಾಯಿಪಾಠ ಮಾಡಿದವನು ವೈಯಾಕರಣನಾಗುವುದಿಲ್ಲ. ಪ್ರಯೋಗವನ್ನು ಕಂಡು ಸೂತ್ರದ ವ್ಯಾಪ್ತಿಯನ್ನೂ ಮಿತಿಯನ್ನೂ ತಿಳಿದವನು ಆಗುತ್ತಾನೆ. ಕವಿಯ ಬಳಕೆಗೂ ವಿಜ್ಞಾನಿಯ ಪರೀಕ್ಷೆಗೂ ಕನ್ನಡದಲ್ಲಿ ಪ್ರಯೋಗ ಎಂಬ ಒಂದೇ ಶಬ್ದವಿರುವುದು ಇಲ್ಲಿ ಅರ್ಥಪೂರ್ಣವಾಗಿದೆ.

ಧವನ್ ಅವರಿಗೆ ದೊರೆತ ಗುರು ಹ್ಯಾನ್ಸ್ ಲೀಪ್‌ಮನ್. ಬರ್ಲಿನ್ನಿನಲ್ಲಿ ಹುಟ್ಟಿ, ಜ್ಯೂರಿಕ್‌ನಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು, ೧೯೩೯ರಲ್ಲಿ ಕಾರ್ಮನ್ ಅವರ ಪ್ರಯೋಗಾಲಯಕ್ಕೆ ಬಂದ ಲೀಪ್‌ಮನ್ ಅವರಿಗೆ ಆಗ ಮೂವತ್ತಮೂರರ ಪ್ರಾಯ. ಶಿಷ್ಯನಿಗಿಂತ ಆರೇ ವರ್ಷ ಹಿರಿಯರು. ಸಂಕುಚನಶೀಲ ಪ್ರವಾಹಿಯ ಚಲನೆಯನ್ನು ಕುರಿತು ಅವರು ಪಕೆಟ್ ಅವರೊಂದಿಗೆ ಬರೆದ ಪಠ್ಯಗ್ರಂಥ ಪ್ರಕಟವಾದದ್ದು ೧೯೪೭ರಲ್ಲಿ, ಧವನ್ ಅವರು ಅಲ್ಲಿಗೆ ಬಂದ ವರ್ಷದಲ್ಲಿಯೇ. ಶಬ್ದದ ವೇಗವನ್ನು ಸಮೀಪಿಸುವ, ಮೀರುವ ವಿಮಾನಗಳ ಕಾಲ ಅದು. ಆ ವೇಗದಲ್ಲಿ ಗಾಳಿ ತನ್ನ ಸಾಂದ್ರತೆಯನ್ನೇ ಬದಲಿಸಿಕೊಳ್ಳುತ್ತದೆ. ಒತ್ತಡ ಥಟ್ಟನೆ ಏರುವ ಆಘಾತ ತರಂಗಗಳು ಹುಟ್ಟುತ್ತವೆ. ಶಾಸ್ತ್ರ ಇನ್ನೂ ರೂಪುಗೊಳ್ಳುತ್ತಿತ್ತು. ಹೀಗಾಗಿ ಅಲ್ಲಿನ ವಿದ್ಯಾರ್ಥಿ ಸಿದ್ಧವಾದ ವಿದ್ಯೆಯನ್ನು ಪಡೆಯುವವನಾಗಿರದೆ ಸಿದ್ಧವಾಗುತ್ತಿದ್ದ ವಿದ್ಯೆಯಲ್ಲಿ ಪಾಲುದಾರನಾಗಿದ್ದನು. ಆಘಾತ ತರಂಗವೊಂದು ಸೀಮಾಪದರಕ್ಕೆ ಬಡಿದು ಪ್ರತಿಫಲಿಸಿದಾಗ ಏನಾಗುತ್ತದೆ ಎಂಬುದನ್ನು ಲೀಪ್‌ಮನ್ ಅವರು ತಮ್ಮ ಇಬ್ಬರು ವಿದ್ಯಾರ್ಥಿಗಳಾದ ಅನಾಟೋಲ್ ರಾಷ್ಕೊ ಮತ್ತು ಧವನ್ ಅವರೊಡನೆ ಸೇರಿ ಪರಿಶೀಲಿಸಿದರು. ಆ ಅಧ್ಯಯನ ಅಮೆರಿಕದ ವಿಮಾನಶಾಸ್ತ್ರ ಸಲಹಾ ಮಂಡಳಿಯ ವರದಿಗಳಲ್ಲಿ ಪ್ರಕಟವಾಯಿತು. ೧೯೪೯ರಲ್ಲಿ ಧವನ್ ಅವರು ಏರೋನಾಟಿಕಲ್ ಎಂಜಿನಿಯರ್ ಎಂಬ ಉನ್ನತ ಪದವಿಯನ್ನು ಪಡೆದರು.

೪

ಅವರ ಡಾಕ್ಟರೇಟ್ ಪ್ರಬಂಧದ ವಸ್ತು ಮೇಲುನೋಟಕ್ಕೆ ಸರಳ: ಚಪ್ಪಟೆ ಹಲಗೆಯೊಂದರ ಮೇಲೆ ಗಾಳಿ ಹರಿಯುವಾಗ ಅದರ ಮೈಯನ್ನು ಎಷ್ಟು ಬಲದಿಂದ ಎಳೆಯುತ್ತದೆ? ಇದನ್ನು ಮೈಘರ್ಷಣೆ ಎನ್ನಬಹುದು. ಗಾಳಿ ಪದರಪದರವಾಗಿ ಶಾಂತವಾಗಿ ಹರಿಯುವಾಗಿನ ಮೌಲ್ಯವನ್ನು ಪ್ರಾಂಟ್ಲ್ ಅವರ ಶಿಷ್ಯ ಬ್ಲಾಸಿಯುಸ್ ೧೯೦೮ರಲ್ಲಿಯೇ ಗಣಿತದಿಂದ ಕಂಡುಕೊಂಡಿದ್ದರು. ಪ್ರವಾಹ ಪ್ರಕ್ಷುಬ್ಧವಾದಾಗ ಅನ್ವಯಿಸುವ ನಿಯಮವನ್ನು ಕಾರ್ಮನ್ ಕೊಟ್ಟಿದ್ದರು. ಅದು ಅರ್ಧ ತರ್ಕ, ಅರ್ಧ ಅಳತೆ. ಶಬ್ದವೇಗದ ಸಮೀಪದಲ್ಲಿ ಏನಾಗುತ್ತದೆ ಎಂಬ ಬಗ್ಗೆ ಬೇರೆ ಬೇರೆ ಸಿದ್ಧಾಂತಗಳು ಬೇರೆ ಬೇರೆ ಉತ್ತರ ಹೇಳುತ್ತಿದ್ದವು. ಅಳೆದು ನೋಡದೆ ತೀರ್ಮಾನವಿರಲಿಲ್ಲ.

ಆದರೆ ಅಳೆಯುವುದು ಹೇಗೆ? ಅದುವರೆಗಿನ ಹೆಚ್ಚಿನ ಅಳತೆಗಳು ಪರೋಕ್ಷವಾದವು. ಸೀಮಾಪದರದೊಳಗಿನ ವೇಗವನ್ನು ಹಲವು ಎತ್ತರಗಳಲ್ಲಿ ಅಳೆದು, ಗಾಳಿ ಕಳೆದುಕೊಂಡ ಚಲನಮೊತ್ತದಿಂದ ಘರ್ಷಣೆಯನ್ನು ಊಹಿಸಲಾಗುತ್ತಿತ್ತು. ಅತಿವೇಗದ ಪ್ರವಾಹದಲ್ಲಿ ಆ ಲೆಕ್ಕದಲ್ಲಿ ದೋಷಗಳು ನುಸುಳುತ್ತವೆ. ಧವನ್ ಅವರು ಆರಿಸಿಕೊಂಡದ್ದು ನೇರ ಮಾರ್ಗವನ್ನು. ಹಲಗೆಯ ಮೈಯಲ್ಲಿ ಒಂದು ಅತಿ ಚಿಕ್ಕ ತುಣುಕನ್ನು ಬಿಡಿಸಿ, ಅದು ಸುತ್ತಲಿನ ಮೈಗೆ ಸಮತಟ್ಟಾಗಿರುವಂತೆ ಸೂಕ್ಷ್ಮವಾದ ಆಧಾರಗಳ ಮೇಲೆ ಕೂರಿಸಿ, ಗಾಳಿ ಅದನ್ನು ಎಳೆದಾಗ ಆಗುವ ಅತ್ಯಲ್ಪ ಸರಿತವನ್ನು ವಿದ್ಯುತ್ ಉಪಕರಣದಿಂದ ಓದುವುದು ಅವರ ವಿಧಾನ.

ಹೇಳಲು ಸುಲಭವಾದ ಈ ವಿಧಾನದ ಕಷ್ಟವನ್ನು ಅಂಕಿಗಳೇ ತಿಳಿಸುತ್ತವೆ. ಮೇಲೆ ಹೇಳಿದ ಸೆಕೆಂಡಿಗೆ ೧೦ ಮೀಟರ್ ವೇಗದ ಶಾಂತ ಪ್ರವಾಹದಲ್ಲಿ, ಒಂದು ಚದರ ಸೆಂಟಿಮೀಟರ್ ಮೈಯ ಮೇಲೆ ಬೀಳುವ ಎಳೆತ ಒಂದು ಮಿಲಿಗ್ರಾಂ ತೂಕಕ್ಕಿಂತಲೂ ಕಡಿಮೆ. ಒಂದು ರಾಗಿಕಾಳಿನ ತೂಕವೇ ಎರಡು ಮೂರು ಮಿಲಿಗ್ರಾಂ ಇರುತ್ತದೆ ಎಂಬುದನ್ನು ನೆನೆದರೆ ಈ ಬಲದ ಅಲ್ಪತೆ ಮನಸ್ಸಿಗೆ ಬರುತ್ತದೆ. ಧವನ್ ಅವರ ಉಪಕರಣ ಅಳೆದ ಬಲಗಳು ಸುಮಾರು ೧ ಮಿಲಿಗ್ರಾಂನಿಂದ ೧೦೦ ಮಿಲಿಗ್ರಾಂವರೆಗಿನವು. ಅದೂ ನಿಶ್ಶಬ್ದವಾದ ಕೋಣೆಯಲ್ಲಲ್ಲ. ಗಾಳಿ ಭೋರ್ಗರೆದು ನುಗ್ಗುವ, ಗೋಡೆಗಳು ಕಂಪಿಸುವ ವಾಯುಸುರಂಗದೊಳಗೆ. ತುಣುಕು ಚಲಿಸಬೇಕಾದರೆ ಅದರ ಸುತ್ತ ಸಂದು ಇರಬೇಕು. ಸಂದು ಹೆಚ್ಚಾದರೆ ಪ್ರವಾಹವೇ ಕೆಡುತ್ತದೆ. ತುಣುಕು ಕೂದಲೆಳೆಯಷ್ಟು ಮೇಲೆದ್ದರೂ ತಗ್ಗಿದರೂ ಅಳೆಯುವುದು ಮೈಘರ್ಷಣೆಯನ್ನಲ್ಲ, ತನ್ನದೇ ದೋಷವನ್ನು. ಇಲ್ಲಿ ಲಾಹೋರಿನ ಯಂತ್ರವಿದ್ಯೆ ಕ್ಯಾಲಿಫೋರ್ನಿಯಾದ ಗಣಿತಕ್ಕೆ ನೆರವಾಗಬೇಕಾಯಿತು.

ಫಲಿತಾಂಶ ನಿಚ್ಚಳವಾಗಿತ್ತು. ಕಡಿಮೆ ವೇಗದಲ್ಲಿ ಶಾಂತ ಪ್ರವಾಹದ ಅಳತೆಗಳು ಬ್ಲಾಸಿಯುಸ್ ಅವರ ಲೆಕ್ಕದೊಂದಿಗೂ, ಪ್ರಕ್ಷುಬ್ಧ ಪ್ರವಾಹದ ಅಳತೆಗಳು ಕಾರ್ಮನ್ ಅವರ ನಿಯಮದೊಂದಿಗೂ ಚೆನ್ನಾಗಿ ಹೊಂದಿಕೊಂಡವು. ಉಪಕರಣ ನಂಬಲರ್ಹವೆಂದು ಹೀಗೆ ಸಿದ್ಧವಾದ ಬಳಿಕವೇ ಅವರು ಅದನ್ನು ಅಪರಿಚಿತ ಕ್ಷೇತ್ರಕ್ಕೆ ಒಯ್ದರು. ಶಬ್ದವೇಗದ ಸುಮಾರು ಹತ್ತರಲ್ಲಿ ಎಂಟು ಭಾಗದವರೆಗೆ ಪ್ರಕ್ಷುಬ್ಧ ಪ್ರವಾಹದ ಮೈಘರ್ಷಣೆಯನ್ನು ಅಳೆದರು. ಶಬ್ದಾತೀತ ವೇಗದಲ್ಲಿಯೂ ಕೆಲವು ಅಳತೆಗಳನ್ನು ಮಾಡಿದರು. ತಿಳಿದುದರಿಂದ ತಿಳಿಯದುದಕ್ಕೆ ಸಾಗುವ ಈ ಕ್ರಮ, ಗೊತ್ತಿರುವ ಸತ್ಯದ ಮುಂದೆ ತನ್ನ ಸಾಧನವನ್ನು ಮೊದಲು ಪರೀಕ್ಷೆಗೆ ಒಡ್ಡುವ ಈ ವಿನಯ, ಅವರ ವ್ಯಾಸಂಗದ ನಿಜವಾದ ಫಲವೆನ್ನಬೇಕು. ವಿಮಾನಶಾಸ್ತ್ರ ಹಾಗೂ ಗಣಿತಗಳಲ್ಲಿ ೧೯೫೧ರಲ್ಲಿ ಅವರಿಗೆ ಡಾಕ್ಟರೇಟ್ ದೊರೆಯಿತು. ಪ್ರಬಂಧ ಆಧರಿಸಿದ ವರದಿ ೧೯೫೩ರಲ್ಲಿ ಅದೇ ಸಲಹಾ ಮಂಡಳಿಯಿಂದ ೧೧೨೧ನೆಯ ವರದಿಯಾಗಿ ಹೊರಬಂದು, ಮೈಘರ್ಷಣೆಯ ನೇರ ಮಾಪನಕ್ಕೆ ಆಧಾರಕೃತಿಗಳಲ್ಲಿ ಒಂದಾಯಿತು.

೫

ಇಷ್ಟರ ಮೇಲೆ ಅಮೆರಿಕದಲ್ಲಿಯೇ ಉಳಿಯುವುದು ಕಷ್ಟವಾಗಿರಲಿಲ್ಲ. ಆದರೆ ಧವನ್ ಅವರು ಅದೇ ೧೯೫೧ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಿರಿಯ ವೈಜ್ಞಾನಿಕ ಅಧಿಕಾರಿಯಾಗಿ ಸೇರಿದರು. ನಾಲ್ಕು ವರ್ಷಗಳಲ್ಲಿ, ೧೯೫೫ರಲ್ಲಿ, ಪ್ರಾಧ್ಯಾಪಕರೂ ವಿಭಾಗದ ಮುಖ್ಯಸ್ಥರೂ ಆದರು.

ಕಲಿತದ್ದನ್ನು ಊರಿಗೆ ತರುವುದೆಂದರೆ ಏನು? ಪುಸ್ತಕಗಳನ್ನು ತರಬಹುದು, ಟಿಪ್ಪಣಿಗಳನ್ನು ತರಬಹುದು. ಅವುಗಳಿಂದ ಒಂದು ಪಠ್ಯಕ್ರಮವನ್ನು ರಚಿಸಿ ವರ್ಷವರ್ಷವೂ ಅದನ್ನೇ ಒಪ್ಪಿಸಬಹುದು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಎಷ್ಟೋ ಶಾಸ್ತ್ರಗಳು ಬಂದದ್ದೂ ನಿಂತದ್ದೂ ಹೀಗೆಯೇ. ಧವನ್ ಅವರು ತಂದದ್ದು ಟಿಪ್ಪಣಿಗಳನ್ನಲ್ಲ, ಕೆಲಸದ ಕ್ರಮವನ್ನು. ಗಾಳಿಯನ್ನು ಕುರಿತು ಪಾಠ ಹೇಳಬೇಕಾದರೆ ಗಾಳಿಯನ್ನು ಅಳೆಯುವ ಸಾಧನ ತರಗತಿಯ ಪಕ್ಕದಲ್ಲಿಯೇ ಇರಬೇಕು ಎಂಬುದು ಅದರ ಮೊದಲ ನಿಯಮ. ಸಂಸ್ಥೆಯಲ್ಲಿ ಅವರು ಕಟ್ಟಿದ ಶಬ್ದಾತೀತ ವಾಯುಸುರಂಗ ಭಾರತದಲ್ಲಿ ಆ ಬಗೆಯದರಲ್ಲಿ ಮೊದಲನೆಯದು. ಅದರ ಪರೀಕ್ಷಾ ಕೋಷ್ಠದ ಅಳತೆ ೧ ಅಂಗುಲಕ್ಕೆ ೩ ಅಂಗುಲ. ಅಂಗೈಯಗಲದ ಈ ಕಿಂಡಿಯ ಮೂಲಕ ಶಬ್ದಾತೀತ ಪ್ರವಾಹವನ್ನು ಕಂಡು ಅಳೆದ ತಲೆಮಾರಿನ ಅನುಭವ, ಮುಂದೆ ಬೆಂಗಳೂರಿನ ರಾಷ್ಟ್ರೀಯ ವಿಮಾನಶಾಸ್ತ್ರ ಪ್ರಯೋಗಾಲಯದಲ್ಲಿ ೧.೨ ಮೀಟರ್ ಅಗಲದ ದೊಡ್ಡ ಸುರಂಗವನ್ನು ಸ್ಥಾಪಿಸುವಾಗ ನೆರವಿಗೆ ಬಂದಿತು. ಹಣವಿಲ್ಲ, ಆಮದು ಸಾಧ್ಯವಿಲ್ಲ ಎಂದು ಕಾಯುತ್ತ ಕೂರದೆ, ಇರುವುದರಲ್ಲಿ ಸಣ್ಣದನ್ನು ಸರಿಯಾಗಿ ಕಟ್ಟುವುದು ಅವರ ರೀತಿಯಾಗಿತ್ತು.

ವಿದ್ಯಾರ್ಥಿಗಳೊಂದಿಗೆ ಅವರ ನಡವಳಿಕೆಯೂ ಹೊಸದಾಗಿತ್ತು. ಪ್ರಾಧ್ಯಾಪಕರೆಂದರೆ ದೂರದಿಂದ ನಮಸ್ಕರಿಸಬೇಕಾದವರು ಎಂಬ ಭಾವನೆ ಬೇರೂರಿದ್ದ ಆವರಣದಲ್ಲಿ, ಸಹಜವಾಗಿ ಬೆರೆಯುವ, ಪ್ರಯೋಗಶಾಲೆಯಲ್ಲಿ ಜೊತೆಗೆ ನಿಂತು ಕೆಲಸ ಮಾಡುವ ಯುವಕ ಅಧ್ಯಾಪಕರು ಅನೇಕರನ್ನು ಸೆಳೆದರು. ಹಾಗೆ ಬಂದವರಲ್ಲಿ ರೊದ್ದಂ ನರಸಿಂಹ ಅವರು ಅಗ್ರಗಣ್ಯರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದು, ಕನ್ನಡದಲ್ಲಿ ವಿಜ್ಞಾನ ಸಾಹಿತ್ಯವನ್ನು ರಚಿಸಿದ ಆರ್. ಎಲ್. ನರಸಿಂಹಯ್ಯನವರ ಮಗ ಇವರು. ತಂದೆ ವಿಜ್ಞಾನವನ್ನು ಕನ್ನಡದ ಓದುಗರ ಬಳಿಗೆ ಕೊಂಡೊಯ್ದವರು. ಮಗ, ಪರದೇಶದಲ್ಲಿ ಕಲಿತು ಬಂದ ಗುರುವಿನಿಂದ, ವಿಜ್ಞಾನದ ಹೊಸ ಕವಲೊಂದನ್ನು ಇದೇ ಊರಿನಲ್ಲಿ ಕಲಿತವರು. ಎಂಜಿನಿಯರಿಂಗ್ ಪದವಿ ಮುಗಿಸಿ ೧೯೫೩ರಲ್ಲಿ ಸಂಸ್ಥೆಗೆ ಸೇರಿದ ನರಸಿಂಹ ಅವರ ಸ್ಥಿತಿ, ಆರೇಳು ವರ್ಷಗಳ ಹಿಂದೆ ಕ್ಯಾಲ್‌ಟೆಕ್‌ಗೆ ಬಂದ ಧವನ್ ಅವರ ಸ್ಥಿತಿಯನ್ನೇ ಹೋಲುತ್ತಿತ್ತು. ಒಂದೇ ವ್ಯತ್ಯಾಸ: ಆ ಮಟ್ಟದ ಪಾಠಕ್ಕಾಗಿ ಅವರು ಮೊದಲು ಸಮುದ್ರ ದಾಟಬೇಕಾಗಿರಲಿಲ್ಲ.

ಗುರುಶಿಷ್ಯರು ಕೈಗೆತ್ತಿಕೊಂಡ ಸಮಸ್ಯೆ, ಶಾಂತ ಪ್ರವಾಹ ಪ್ರಕ್ಷುಬ್ಧವಾಗುವ ಸಂಕ್ರಮಣ ಘಟ್ಟದ್ದು. ಊದುಬತ್ತಿಯ ಹೊಗೆ ಮೊದಲು ನೆಟ್ಟಗೆ ದಾರದಂತೆ ಮೇಲೇರಿ, ಸ್ವಲ್ಪ ಎತ್ತರಕ್ಕೆ ಹೋದೊಡನೆ ಸುರುಳಿಸುತ್ತಿ ಚದುರುವುದನ್ನು ಎಲ್ಲರೂ ಕಂಡಿರುತ್ತಾರೆ. ಇಂತಹುದೇ ಬದಲಾವಣೆ ಹಲಗೆಯ ಮೇಲಿನ ಸೀಮಾಪದರದಲ್ಲಿಯೂ ನಡೆಯುತ್ತದೆ. ಆದರೆ ಅದು ಒಂದು ಗೆರೆ ದಾಟಿದಂತೆ ಒಮ್ಮೆಗೇ ಆಗುವುದಿಲ್ಲ. ಶಾಂತ ಪ್ರವಾಹದ ನಡುವೆ ಅಲ್ಲಲ್ಲಿ ಪ್ರಕ್ಷುಬ್ಧತೆಯ ಮಚ್ಚೆಗಳು ಹುಟ್ಟಿ, ಹರಿವಿನೊಂದಿಗೆ ಸಾಗುತ್ತ ಹಿಗ್ಗಿ, ಕೊನೆಗೆ ಒಂದರೊಳಗೊಂದು ಬೆರೆತು ಇಡೀ ಪದರವನ್ನು ಆವರಿಸುತ್ತವೆ. ಈ ಮಚ್ಚೆಗಳು ಹಲಗೆಯ ಉದ್ದಕ್ಕೂ ಎಲ್ಲೆಂದರಲ್ಲಿ ಹುಟ್ಟುವುದಿಲ್ಲ, ಬಹುಮಟ್ಟಿಗೆ ಒಂದು ನಿರ್ದಿಷ್ಟ ಸ್ಥಾನದ ಸುತ್ತ ಹುಟ್ಟುತ್ತವೆ ಎಂದು ಭಾವಿಸಿದರೆ ಅಳತೆಗಳೆಲ್ಲ ಒಂದೇ ವಕ್ರರೇಖೆಯ ಮೇಲೆ ಕೂರುತ್ತವೆ ಎಂಬುದನ್ನು ಅವರು ತೋರಿಸಿದರು. ಧವನ್ ಮತ್ತು ನರಸಿಂಹ ಅವರ ಈ ಪ್ರಬಂಧ ೧೯೫೮ರಲ್ಲಿ, ಪ್ರವಾಹಿ ಬಲವಿಜ್ಞಾನಕ್ಕೇ ಮೀಸಲಾದ ಇಂಗ್ಲೆಂಡಿನ ಪ್ರಮುಖ ನಿಯತಕಾಲಿಕೆಯಲ್ಲಿ ಪ್ರಕಟವಾಯಿತು. ಬೆಂಗಳೂರಿನಲ್ಲಿ ನಡೆದ ಅಳತೆಯನ್ನು ಲೋಕದ ಇತರ ಪ್ರಯೋಗಾಲಯಗಳು ಆಧಾರವಾಗಿ ಬಳಸುವ ಕಾಲ ಹೀಗೆ ಆರಂಭವಾಯಿತು. ನರಸಿಂಹ ಅವರು ಆಮೇಲೆ ಕ್ಯಾಲ್‌ಟೆಕ್‌ಗೆ ಹೋಗಿ, ಅದೇ ಲೀಪ್‌ಮನ್ ಅವರ ಬಳಿ ೧೯೬೧ರಲ್ಲಿ ಡಾಕ್ಟರೇಟ್ ಪಡೆದು ಬೆಂಗಳೂರಿಗೇ ಹಿಂದಿರುಗಿದರು. ಗುರು ನಡೆದ ದಾರಿ ಶಿಷ್ಯನ ಹೊತ್ತಿಗೆ ಇಬ್ಬದಿಯ ಸಂಚಾರವುಳ್ಳ ರಸ್ತೆಯಾಗಿತ್ತು.

೬

ಧವನ್ ಅವರು ೧೯೬೨ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಆಗ ಅವರ ವಯಸ್ಸು ಸುಮಾರು ನಲವತ್ತೆರಡು. ೧೯೮೧ರವರೆಗಿನ ಅವರ ಅವಧಿ ಸಂಸ್ಥೆಯ ಇತಿಹಾಸದಲ್ಲಿಯೇ ದೀರ್ಘವಾದುದು. ಆ ಪದವಿಯಲ್ಲಿದ್ದಾಗಲೇ ೧೯೭೧-೭೨ರಲ್ಲಿ ಅವರು ಬಿಡುವು ಪಡೆದು ಮತ್ತೆ ಕ್ಯಾಲ್‌ಟೆಕ್‌ಗೆ ಹೋಗಿದ್ದರು. ೧೯೭೧ರ ಡಿಸೆಂಬರ್ ೩೦ರಂದು ವಿಕ್ರಮ್ ಸಾರಾಭಾಯಿ ಹಠಾತ್ತನೆ ನಿಧನರಾದಾಗ, ಬಾಹ್ಯಾಕಾಶ ಕಾರ್ಯಕ್ರಮದ ನೇತೃತ್ವ ವಹಿಸಬೇಕೆಂಬ ಪ್ರಧಾನಿ ಇಂದಿರಾ ಗಾಂಧಿಯವರ ಕರೆ ಅವರಿಗೆ ಬಂದದ್ದು ಅಲ್ಲಿಯೇ. ಅವರು ಎರಡು ಷರತ್ತುಗಳನ್ನು ಮುಂದಿಟ್ಟರು: ಕಾರ್ಯಕ್ರಮದ ಕೇಂದ್ರಸ್ಥಾನ ಬೆಂಗಳೂರಿನಲ್ಲಿರಬೇಕು; ತಾವು ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಮುಂದುವರಿಯಬೇಕು. ಎರಡೂ ಒಪ್ಪಿತವಾದವು. ವಿದ್ಯಾಶಾಲೆಯ ನಂಟನ್ನು ಬಿಟ್ಟುಕೊಡಲು ಅವರು ಸಿದ್ಧರಿರಲಿಲ್ಲ ಎಂಬುದು ಇದರಿಂದ ಸ್ಪಷ್ಟ. ಬೆಂಗಳೂರು ಇಂದು ದೇಶದ ಬಾಹ್ಯಾಕಾಶ ಉದ್ಯಮದ ಕೇಂದ್ರವಾಗಿರುವುದಕ್ಕೆ ಆ ಮೊದಲ ಷರತ್ತೂ ಒಂದು ಕಾರಣ.

ಅವರ ಅಧ್ಯಕ್ಷತೆಯ ಕಾಲದಲ್ಲಿ, ಉಡುಪಿ ಸಮೀಪದ ಅದಮಾರಿನವರಾದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹ ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ನೆಲದಿಂದ ಕಕ್ಷೆಗೆ ಏರಿತು. ಸ್ವದೇಶಿ ಉಡಾವಣಾ ವಾಹನದ ದಾರಿ ಮಾತ್ರ ಅಷ್ಟು ಸುಗಮವಾಗಿರಲಿಲ್ಲ. ೧೯೭೯ರ ಆಗಸ್ಟ್ ೧೦ರಂದು ಎಸ್‌ಎಲ್‌ವಿ-೩ರ ಮೊದಲ ಹಾರಾಟ ವಿಫಲವಾಗಿ ವಾಹನ ಬಂಗಾಳ ಕೊಲ್ಲಿಗೆ ಬಿದ್ದಿತು. ಯೋಜನೆಯ ನಿರ್ದೇಶಕರಾಗಿದ್ದ ಎ. ಪಿ. ಜೆ. ಅಬ್ದುಲ್ ಕಲಾಂ ಅವರು ಮುಂದೆ ಅನೇಕ ವೇದಿಕೆಗಳಲ್ಲಿ ಸ್ಮರಿಸಿಕೊಂಡಂತೆ, ಅಂದು ಪತ್ರಕರ್ತರ ಮುಂದೆ ನಿಂತು ಸೋಲಿನ ಹೊಣೆಯನ್ನು ತಮ್ಮ ಮೇಲೆ ಹೊತ್ತವರು ಧವನ್. ೧೯೮೦ರ ಜುಲೈ ೧೮ರಂದು ಅದೇ ವಾಹನ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ, ಅದನ್ನು ಲೋಕಕ್ಕೆ ತಿಳಿಸುವ ಗೌರವವನ್ನು ಅವರು ಕಲಾಂ ಅವರಿಗೆ ಬಿಟ್ಟುಕೊಟ್ಟರು. ಇದನ್ನು ಔದಾರ್ಯದ ನಿದರ್ಶನವಾಗಿ ಹೇಳುವುದು ವಾಡಿಕೆ. ಅದು ನಿಜವೂ ಹೌದು. ಆದರೆ ಮಿಲಿಗ್ರಾಂ ಬಲವನ್ನು ಅಳೆಯಲು ವರ್ಷಗಟ್ಟಲೆ ಹೆಣಗಿದ ವಿದ್ಯಾರ್ಥಿಗೆ, ವಿಫಲವಾದ ಪ್ರಯೋಗ ಅವಮಾನವಲ್ಲ, ಸಾಧನವನ್ನು ಸರಿಪಡಿಸಲು ಸಿಕ್ಕ ಸೂಚನೆ ಎಂಬ ಅರಿವು ಮೊದಲೇ ಇತ್ತು ಎಂದೂ ಅದನ್ನು ಓದಬಹುದು.

ಪದವಿಗಳಿಂದ ಬಿಡುಗಡೆ ಹೊಂದಿದ ಮೇಲೆ ಧವನ್ ಅವರು ಮರಳಿ ಗಾಳಿಯ ಕಡೆಗೆ ತಿರುಗಿದರು. ಶ್ರೀಹರಿಕೋಟಾದ ಮಗ್ಗುಲಲ್ಲಿರುವ ಪುಲಿಕಾಟ್ ಸರೋವರದ ಹಕ್ಕಿಗಳ ಹಾರಾಟವನ್ನು ಆಸಕ್ತಿಯಿಂದ ವೀಕ್ಷಿಸಿದರು. ರೆಕ್ಕೆ ಬಡಿತದ ಹಿಂದಿನ ಪ್ರವಾಹಿ ಬಲವಿಜ್ಞಾನವನ್ನು ವಿವರಿಸುವ ಅವರ ಕೃತಿ ೧೯೯೧ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯಿಂದ ಪ್ರಕಟವಾಯಿತು. ಎಪ್ಪತ್ತರ ವಯಸ್ಸಿನಲ್ಲಿ ಬರೆದ ಆ ಪುಸ್ತಕದ ವಸ್ತು, ಇಪ್ಪತ್ತೈದರ ವಯಸ್ಸಿನಲ್ಲಿ ಅವರನ್ನು ಕಡಲಾಚೆಗೆ ಕರೆದೊಯ್ದ ವಸ್ತುವೇ ಆಗಿತ್ತು.

ಶ್ರೀನಗರದಲ್ಲಿ ಹುಟ್ಟಿ, ಲಾಹೋರಿನಲ್ಲಿ ಓದಿ, ಪಾಸಡೀನಾದಲ್ಲಿ ಪಳಗಿ, ಬೆಂಗಳೂರಿನಲ್ಲಿ ಅರ್ಧ ಶತಮಾನ ಬಾಳಿದ ಈ ಜೀವನದ ಮಹತ್ತ್ವ ಪದವಿ ಪ್ರಶಸ್ತಿಗಳಲ್ಲಿಲ್ಲ. ಒಂದು ಶಾಸ್ತ್ರ ಒಂದು ನೆಲದ್ದಾಗುವುದು ಅದರ ಗ್ರಂಥಗಳು ಅಲ್ಲಿಗೆ ಬಂದಾಗ ಅಲ್ಲ, ಅದನ್ನು ಪ್ರಶ್ನಿಸಿ, ಅಳೆದು, ತಿದ್ದಿ, ಮುಂದಿನವರಿಗೆ ಕಲಿಸುವವರು ಅಲ್ಲಿಯೇ ತಯಾರಾದಾಗ. ಹುಟ್ಟೂರಿನಿಂದ ದೂರವಿದ್ದು ತಮ್ಮ ವಿದ್ಯೆಗೆ ಹೊಸ ಊರಿನಲ್ಲಿ ನೆಲೆ ಕಲ್ಪಿಸಬೇಕಾದವರೆಲ್ಲರಿಗೂ, ಅವರು ಓದುವುದು ಗಾಳಿಯ ಶಾಸ್ತ್ರವಾಗಿರಲಿ ಕನ್ನಡವಾಗಿರಲಿ, ಈ ಮಾತು ಅನ್ವಯಿಸುತ್ತದೆ. ಧವನ್ ಅವರು ಕಟ್ಟಿದ ವಾಯುಸುರಂಗ ಮೂರು ಅಂಗುಲದ್ದು; ಅದರ ಮುಂದೆ ನಿಂತು ಕಲಿತವರ ಶಿಷ್ಯರು, ಪ್ರಶಿಷ್ಯರು ಇಂದಿಗೂ ಆ ಪಾಠವನ್ನು ಮುಂದುವರಿಸುತ್ತಿದ್ದಾರೆ.